ಇಪ್ಪತ್ತೊಂದು ಇಂಚಿನ ಫ್ರೇಮು

೪ ಆಗಸ್ಟ್ ೧೯೯೮, ಮಂಗಳವಾರ

ಇವತ್ತೂ ಪ್ರಾಕ್ಟೀಸಿಗೆ ಕಾಲೇಜಿನ ಹಳೇ ಸೈಕಲ್ಲೇ. ಕುರಿಕೋಟಾ ಸೇತುವೆಯ ತನಕ ಹೋಗಿ ಬಂದೆ. ಎರಡು ಸಲ ಚೈನು ಕಳಚಿತು. ಚಿಗವ್ವ ಬಾಗಿಲಲ್ಲೇ ನಿಂತಿದ್ದಳು; ಓದಲೆಂದು ನಾನೂ ತಮ್ಮನೂ ಇರುವುದು ಅವಳ ಮನೆಯಲ್ಲೇ. ಗ್ರೀಸು ಮೆತ್ತಿದ ಕೈ ನೋಡಿ, “ಹೆಣ್ಣಿನ ಕೈ ಏನವ್ವ ಇವು?” ಎಂದಳು. ರೊಟ್ಟಿ ಮಾತ್ರ ಬಿಸಿಯಾಗಿಯೇ ಹಾಕಿದಳು.

ಸಂಜೆ ನಮ್ಮೂರು ಕಮಲಾಪುರದ ಅಂಗಡಿಯಿಂದ ಅಪ್ಪನ ಫೋನು. ರೇಸಿಂಗ್ ಸೈಕಲ್ ಕೊಡಿಸುತ್ತಾನಂತೆ. ತಮ್ಮ ಮರೆಪ್ಪನಿಗೆ. ಬರುವ ತಿಂಗಳು ಜಿಲ್ಲಾ ತಂಡದ ಸೆಲೆಕ್ಷನ್; ಸೇರಿದರೆ ಸರ್ಟಿಫಿಕೇಟು, ನಾಳೆ ಪೊಲೀಸ್ ನೌಕರಿಗೆ ಅನುಕೂಲ.

“ಮರೆಪ್ಪಗ ಏನೂ ತಿಳಿಯಂಗಿಲ್ಲ. ನೀನೇ ಆರಿಸು.”

“ಅಪ್ಪಾ, ಅದೇ ದಿನ ಹುಡುಗ್ಯಾರದೂ ಸೆಲೆಕ್ಷನ್ ಅದ.”

ಅತ್ತ ಗಿರಾಕಿಗೆ ಕಾಳಿನ ರೇಟು ಹೇಳಿದ. ಆಮೇಲೆ — “ಇಬ್ಬರೂ ಹೊಡೀರಿ. ಒಂದೇ ಮನೀದು ಅಲ್ಲೇನು?”

ಒಂದು ಸೈಕಲ್ಲು, ಇಬ್ಬರು. ಇಷ್ಟಾದರೂ ಸಿಕ್ಕಿತು.

೯ ಆಗಸ್ಟ್, ರವಿವಾರ

ಮರೆಪ್ಪನ ಜೊತೆ ಮೊದಲು ಸೇಡಂ ರಸ್ತೆಯ ದೊಡ್ಡ ಅಂಗಡಿ. ಕೆಂಪು ಸೈಕಲ್ಲು, ಮೈತುಂಬ ಸ್ಟಿಕ್ಕರು, ಹದಿನೆಂಟು ಗಿಯರು. ಮರೆಪ್ಪ ಕೈ ಬಿಡಲೊಲ್ಲ. ಹಿಂದಿನ ಚಕ್ರ ಎತ್ತಿ ತಿರುಗಿಸಿದೆ. ತೂಗಾಡಿತು. ಫ್ರೇಮು ಒಲೆಯ ಮೇಲಿನ ಹಂಡೆಯಷ್ಟು ಭಾರ. ನಮ್ಮ ರೊಕ್ಕ ಗಿಯರಿನ ಲೆಕ್ಕಕ್ಕೇ ಹೋಗುತ್ತದೆ, ಓಡುವ ಚಕ್ರಕ್ಕೆ ಏನೂ ಉಳಿಯುವುದಿಲ್ಲ — ಹೊರಗೆ ಕರೆತಂದು ತಿಳಿಸಿ ಹೇಳಿದೆ. ಮುಖ ಸಣ್ಣದು ಮಾಡಿದ.

ಆಮೇಲೆ ರೋಜಾ ಓಣಿಯಲ್ಲಿ ಶಬ್ಬೀರ್ ಭಾಯ್ ಅಂಗಡಿ. ಹೈದರಾಬಾದಿನಿಂದ ತಂದ ಸೆಕೆಂಡ್ ಹ್ಯಾಂಡ್ ಸೈಕಲ್ಲು ಎರಡು. ಎರಡೂ ನೀಲಿ, ಒಂದೇ ಕಂಪನಿ. ಬಾಗಿದ ಹ್ಯಾಂಡಲ್ಲು, ಸಣ್ಣ ಟಯರು, ಹತ್ತೇ ಗಿಯರು. ಒಂದೇ ಕೈಯಲ್ಲಿ ಎತ್ತಿದೆ. ಬಂತು! ಒಂದರ ಫ್ರೇಮು ಇಪ್ಪತ್ತೊಂದು ಇಂಚು, ಇನ್ನೊಂದರದು ಇಪ್ಪತ್ಮೂರು.

“ಯಾರಿಗೆ ಬೇಕು ಬೇಟಿ?” ಎಂದ ಶಬ್ಬೀರ್ ಭಾಯ್.

“ಇಬ್ಬರಿಗೂ.”

“ಇಬ್ಬರಿಗೂ ಅಂದ್ರ ಇಬ್ಬರಿಗೂ ಅಷ್ಟಕ್ಕಷ್ಟೇ. ಆಮ್ಯಾಲೆ ನನಗ ಬೈಬ್ಯಾಡ್ರಿ.”

ಇಪ್ಪತ್ಮೂರರ ಮೇಲೆ ನನ್ನ ಕಾಲು ನೆಲಕ್ಕೆ ಸಿಗುವುದಿಲ್ಲ. ಇಪ್ಪತ್ತೊಂದರ ಸೀಟು ಎತ್ತಿದರೆ ಮರೆಪ್ಪನಿಗೂ ನಡೆಯುತ್ತದೆ. ಅವನೇ ಹತ್ತಿ ಒಂದು ಸುತ್ತು ಹೊಡೆದು ಬಂದ. “ನಡೀತದ ಅಕ್ಕಾ. ಇದೇ ತಗೋ.” ಅವನೇ ಹೇಳಿದ್ದು. ಬರೆದಿಟ್ಟಿರುತ್ತೇನೆ.

೨೩ ಆಗಸ್ಟ್, ರವಿವಾರ

ಮೊದಲ ಸಲ ಕಮಲಾಪುರದ ತನಕ. ಒಬ್ಬಳೇ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಎದುರುಗಾಳಿ. ಬಗ್ಗಿ ಹ್ಯಾಂಡಲ್ಲಿನ ಕೆಳಗಿನ ತುದಿ ಹಿಡಿದೆ — ಗಾಳಿ ಬೆನ್ನ ಮೇಲೆ ಹಾದುಹೋಯಿತು. ಇಂಥ ಸುಖ ಯಾರಿಗೆ ಹೇಳುವುದು.

ಸೀದಾ ಅಪ್ಪನ ಕಾಳಿನ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಅಪ್ಪ ಎದ್ದು ಬಂದು ನನ್ನನ್ನು ಹಿಂದಿನ ಗೋದಾಮಿಗೆ ಕರೆದೊಯ್ದ. ನೀರು ಕೊಟ್ಟ. ಎರಡು ಕೆಂಪು ಬಾಳೆಹಣ್ಣು ಕೊಟ್ಟ. ಹೊರಗೆ ಯಾರೋ ಕೇಳಿದರು, “ದೌಲಪ್ಪ, ಸೈಕಲ್ ಮ್ಯಾಲ ಯಾರು ಬಂದಾರ?”

“ಮಗ ಬಂದಾನ್ರೀ,” ಎಂದ ಅಪ್ಪ.

ಬಾಯಲ್ಲಿ ಹಣ್ಣಿತ್ತು. ನುಂಗಿದೆ.

೧೯ ಸೆಪ್ಟೆಂಬರ್, ಶನಿವಾರ, ಸಂಜೆ

ಅವ್ವನಿಗೆ ಜ್ವರ ಎಂದು ಅಪ್ಪ ಕರೆಸಿಕೊಂಡಿದ್ದ. ಮಂಗಳವಾರದಿಂದ ಕಮಲಾಪುರದಲ್ಲೇ ಇದ್ದೆ. ಇವತ್ತು ಬಸ್ಸಿಗೆ ವಾಪಸು. ನಾಳೆ ಸೆಲೆಕ್ಷನ್. ಬಂದವಳೇ ಸೀಟು ಇಳಿಸಲು ಸ್ಪ್ಯಾನರ್ ಹಿಡಿದೆ. ಎಷ್ಟು ಇಳಿಸಿದರೂ ಎತ್ತರವೇ. ಕಾಲು ದಾಟಿಸಿ ನಿಂತೆ. ಪೈಪು ತಾಗಿತು.

ಬಣ್ಣ ಅದೇ ನೀಲಿ. ಚಿಗವ್ವನ ಹೊಲಿಗೆಯ ಟೇಪು ತಂದು ಅಳೆದೆ. ಇಪ್ಪತ್ಮೂರು.

ಮರೆಪ್ಪ ಗೋಡೆಗೆ ಆತುಕೊಂಡು ನಿಂತಿದ್ದ.

“ಬೆನ್ನು ಹಿಡೀತಿತ್ತು ಅಕ್ಕಾ. ಶಬ್ಬೀರ್ ಭಾಯ್ ಕಡೆ ಬದಲಿ ಮಾಡಿಸಿದೆ.”

“ನನಗ ಒಂದು ಮಾತು ಕೇಳಿದ್ಯಾ?”

“ಕೇಳಿದ್ರ ಬ್ಯಾಡ ಅಂತಿದ್ದಿ. ಅಪ್ಪಗ ಫೋನ್ ಮಾಡಿದ್ದೆ. ಹೂಂ ಅಂದ.”

“ಯಾವಾಗ?”

“ಗುರುವಾರ. ಊಟಕ್ಕ ಕುಂತಿದ್ನಂತ.”

ಗುರುವಾರ ಅಪ್ಪನಿಗೆ ರೊಟ್ಟಿ ಬಡಿಸಿದವಳು ನಾನು. ಫೋನಿನಲ್ಲಿ “ಹೂಂ, ಮಾಡ್ಸು” ಎಂದದ್ದು ಕೇಳಿದ್ದೆ. ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದ್ದೆ.

ಓಡುತ್ತಾ ರೋಜಾಕ್ಕೆ ಹೋದೆ. ಇಪ್ಪತ್ತೊಂದರದು ನಿನ್ನೆಯೇ ಯಾರೋ ಬೀದರಿನವರಿಗೆ ಹೋಗಿದೆ.

೨೦ ಸೆಪ್ಟೆಂಬರ್, ರವಿವಾರ

ಬೆಳಿಗ್ಗೆ ಹುಡುಗಿಯರದು, ಆಮೇಲೆ ಹುಡುಗರದು. ಹೋಗಬಾರದು ಅಂದುಕೊಂಡಿದ್ದೆ. ಹೋದೆ. ನಮ್ಮ ಕಾಲೇಜಿನ ಆಟದ ಮಾಸ್ತರು ದೇವಿಂದ್ರಪ್ಪ ಸರ್ ಸೈಕಲ್ ನೋಡಿ, “ಇದು ನಿಂದಲ್ಲಲ್ಲ ಚಂದಮ್ಮ?” ಎಂದರು. “ಇದೇ ಸರ್,” ಎಂದೆ. ಮತ್ತೇನು ಹೇಳಲಿ.

ಪೆಡಲ್ ಕೆಳಗೆ ಹೋದಾಗ ಪಾದ ಜಾರುತ್ತಿತ್ತು. ಸೊಂಟ ಆಚೆ ಈಚೆ. ಸೀಟಿನ ಮೇಲೆ ಕೂರುವುದು ಬಿಟ್ಟು ನಿಂತೇ ತುಳಿದೆ. ಸೇತುವೆಯ ತನಕ ಮುಂದಿನ ಗುಂಪಿನಲ್ಲೇ ಇದ್ದೆ, ಸುಳ್ಳಲ್ಲ. ತಿರುಗುವ ಜಾಗದಲ್ಲಿ ಡ್ರಮ್ಮು ಇಟ್ಟಿದ್ದರು. ಎಲ್ಲರೂ ನಿಧಾನ ಮಾಡಿದರು, ನಾನೂ ಮಾಡಿದೆ. ಕಾಲು ಊರಲು ಹೋದರೆ ನೆಲವಿಲ್ಲ. ಬಿದ್ದೆ. ನಮ್ಮ ಕಾಲೇಜಿನ ಗೆಳತಿ ಜಾಹೇದಾ ನನ್ನ ಪಕ್ಕದಲ್ಲೇ ಇದ್ದವಳು. “ಏಳ ಚಂದೂ, ಏಳ!” ಎಂದು ಕೂಗುತ್ತಲೇ ಹೋದಳು. ನಿಲ್ಲಲಿಲ್ಲ. ನಿಲ್ಲಬಾರದು ಕೂಡ.

ಎದ್ದು ಮುಗಿಸಿದೆ. ಅವಳು ತಂಡಕ್ಕೆ ಆಯ್ಕೆಯಾದಳು. ನಾನು ಇಲ್ಲ.

ಗೆರೆ ದಾಟಿದ ಕೂಡಲೇ ಮರೆಪ್ಪ ಸೈಕಲ್ ಹಿಡಿದುಕೊಂಡ. ನನ್ನ ಮೊಣಕೈ ನೋಡಲಿಲ್ಲ, ಹ್ಯಾಂಡಲ್ ಸೊಟ್ಟಾಗಿದೆಯೇ ಎಂದು ನೋಡಿದ. ಸೊಟ್ಟಾಗಿತ್ತು. “ಅಕ್ಕಾ, ಲಗೂನ, ನಂದು ಇನ್ನೇನು ಚಾಲೂ ಆಗ್ತದ.”

ಮುಂದಿನ ಚಕ್ರ ಮಂಡಿಯ ನಡುವೆ ಹಿಡಿದು ಹ್ಯಾಂಡಲ್ ನೆಟ್ಟಗೆ ಮಾಡಿಕೊಟ್ಟೆ. ಸೀಟೂ ಎತ್ತಿಕೊಟ್ಟೆ.

ಅವನು ಆಯ್ಕೆಯಾದ.

೧೧ ಅಕ್ಟೋಬರ್, ರವಿವಾರ, ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ರೊಟ್ಟಿ, ಕಾಲೇಜು, ರೊಟ್ಟಿ.

ಮರೆಪ್ಪ ನಾಳೆ ಬಿಜಾಪುರಕ್ಕೆ, ಮುಂದಿನ ಹಂತದ ರೇಸಿಗೆ. ಕಳಿಸಿಕೊಡಲು ಅಪ್ಪ ಬಂದಿದ್ದಾನೆ. ಸ್ವೀಟು ತಂದಿದ್ದಾನೆ. ಈಗ ಪಕ್ಕದ ಮನೆಗೆ ಫೋನು ಬಂತು — ಮರೆಪ್ಪ ಮಹಾಗಾಂವ ಕ್ರಾಸಿನಲ್ಲಿ ಪಂಚರ್ ಮಾಡಿಕೊಂಡು ಕುಳಿತಿದ್ದಾನೆ. ಅಲ್ಲಿ ಈ ಸೈಜಿನ ಟ್ಯೂಬ್ ಸಿಗುವುದಿಲ್ಲ, ಹಾಕಲೂ ಅವನಿಗೆ ಬರುವುದಿಲ್ಲ.

“ಚಂದೂ, ಟ್ಯೂಬ್ ತಗೊಂಡು ಬಸ್ಸಿಗೆ ಹೋಗು,” ಎಂದ ಅಪ್ಪ.

“ನಾ ಹೋಗಂಗಿಲ್ಲ.”

“ಯಾಕ?”

“ಸೈಕಲ್ ಬದಲಿ ಮಾಡಾಕ ಬಂದದ ಅವನಿಗೆ. ಟ್ಯೂಬ್ ಬದಲಿ ಮಾಡಾಕ ಬರಂಗಿಲ್ಲೇನು?”

ಅಪ್ಪ ಚಿಗವ್ವನ ಮುಖ ನೋಡಿದ, ಬುದ್ಧಿ ಹೇಳಲಿ ಎಂದು. ಚಿಗವ್ವ ಸೆರಗಿಗೆ ಕೈ ಒರೆಸಿಕೊಂಡಳು. “ನನ್ನ ಯಾಕ ನೋಡ್ತೀರಿ ಭಾವಾ? ಆಕಿ ಖರೇನೇ ಹೇಳಾಕತ್ತಾಳ.”

ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಟ್ಯೂಬು, ಟಯರ್ ಬಿಚ್ಚುವ ಲಿವರು, ಪಂಪು ಚೀಲಕ್ಕೆ ಹಾಕಿಕೊಂಡ. ಲಿವರ್ ತಿರುಗಿಸಿ ಮುರುಗಿಸಿ ನೋಡಿದ, ಎಂದೂ ಹಿಡಿದವನಲ್ಲ. ಹೇಗೆ ಹಿಡಿಯುವುದೆಂದು ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ನಡೆದ.

ಗೆದ್ದೆ ಅನ್ನಿಸಬೇಕಿತ್ತು. ಆ ರಸ್ತೆಯ ಬದಿಯಲ್ಲಿ ಅಪ್ಪ ಮಗ ಇಬ್ಬರೂ ಟಯರ್ ಹಿಡಿದು ಕೂತದ್ದೇ ಕಣ್ಣಿಗೆ ಬರುತ್ತಿದೆ. ಲಿವರ್ ತಾಗಿಸಿ ಹೊಸ ಟ್ಯೂಬೂ ಚುಚ್ಚಿಕೊಳ್ಳುತ್ತಾರೆ, ಖಂಡಿತ. ಚುಚ್ಚಿಕೊಳ್ಳಲಿ.

ಚಿಗವ್ವ ಅಡುಗೆಮನೆಯಿಂದ ಕೇಳಿದಳು, “ಮನಸು ತಿರುಗಿತೇನ? ಇನ್ನೊಂದು ಬಸ್ಸದ ನೋಡು.” ಇಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಇಲ್ಲ ಎಂದೆ. ಈ ಮಾತು ನನಗೆ ರೂಢಿಯಿಲ್ಲ. ಕೈ ಸುಮ್ಮನೆ ಸ್ಪ್ಯಾನರ್ ಹುಡುಕುತ್ತಿದೆ, ನಾನೇ ಹಿಡಿದು ಅದಕ್ಕೆ ಈ ಪೆನ್ನು ಕೊಟ್ಟಿದ್ದೇನೆ.