ಒಂದೇ ಗೆರೆ

ತಂಗಿ ಕಸ್ತೂರಿ,

ಇವತ್ತು ನನ್ನ ಮಗಳಿಗೂ ನಿನ್ನಂತೆಯೇ ಹೊಟ್ಟೆನೋವು ಬಂತು. ನಾನೂ ಅಪ್ಪನೂ ಸುರೇಬಾನದಿಂದ ರಾಮದುರ್ಗದ ಆಸ್ಪತ್ರೆಗೆ ಕರೆತಂದೆವು. ರಕ್ತ ತೆಗೆದ ನರ್ಸ್, ಬಸಿರಿನ ಪರೀಕ್ಷೆಗೆ ಮೂತ್ರವನ್ನೂ ಕೇಳಿದಳು. ಅಂದು ನಿನ್ನ ಪರೀಕ್ಷೆ ತಡೆದಂತೆಯೇ ಅಪ್ಪ ಅಡ್ಡ ನಿಂತ.

"ಇನ್ನಾ ಲಗ್ನ ಆಗಿಲ್ರಿ. ನಮ್ಮ ಮನಿ ಹೆಣ್ಮಕ್ಕಳು ಅಂಥಾವರಲ್ಲ."

"ಮಾಡ್ರಿ" ಎಂದೆ ನಾನು.

ಪರೀಕ್ಷೆಯ ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿತು, ಬಸಿರಿಲ್ಲ. ಅಪೆಂಡಿಕ್ಸ್ ಎಂದು ಆಪರೇಷನ್‌ಗೆ ಒಯ್ದಿದ್ದಾರೆ. ಉಳಿಯುತ್ತಾಳಂತೆ.

ನಿನ್ನ ಬಸಿರು ಗರ್ಭನಾಳದಲ್ಲೇ ಒಡೆದಿತ್ತೆಂದು, ನೀನು ತೀರಿಹೋದ ಮೇಲೆ ಡಾಕ್ಟರು ನನಗೊಬ್ಬಳಿಗೇ ಹೇಳಿದ್ದರು.

ಅಪ್ಪ ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಹೇಳಿದ: "ಕಸ್ತೂರಿಗೂ ಮಾಡಿಸಿದ್ರ ಹಿಂಗ ಒಂದ ಗೆರಿ ಬರತಿತ್ತು."

"ಹೌದಪ್ಪಾ" ಎಂದೆ.