ಟಾಂಟಿಗಿಲ್ಲದ ಮೀನು

ಕಸ್ತಾರಾ, ಟೊಬ್ಯಾಗೊ
9 ಮಾರ್ಚ್ 1971

ಪ್ರೀತಿಯ ಆಲ್‌ಸ್ಟನ್,

ಹೇಗಿದ್ದೀಯ? ನಡುಗಡಲ ಎಣ್ಣೆಬಾವಿಯ ಕೆಲಸದಲ್ಲಿ ಬೆನ್ನುನೋವು ಹೆಚ್ಚಾಗಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಉಣ್ಣು, ರಮ್ಮನ್ನೇ ಊಟ ಮಾಡಿಕೊಳ್ಳಬೇಡ. ಮಕ್ಕಳು ಆರೋಗ್ಯವಾಗಿದ್ದಾರೆ. ದಿನಾ ದೀವಿಹಲಸನ್ನೇ ಬೇಯಿಸಿ ಬಡಿಸಿದರೆ ಮುಖ ಸಿಂಡರಿಸುತ್ತಾರೆ. ಮನೆಯಲ್ಲಿ ಮೀನಿಲ್ಲ, ಏನು ಮಾಡಲಿ?

ಹೋದ ಸಲ ಬಂದಾಗ ಹೇಳಿ ಹೋದೆಯಲ್ಲ, ದಂಡೆಯಲ್ಲಿ ನಿಂತು ನಮ್ಮ ಬಲೆಯ ಹಗ್ಗ ಎಳೆದವರಿಗೆ ಮಾತ್ರ ಮೀನಿನ ಪಾಲು, ಸುಮ್ಮನೆ ಹಗ್ಗ ಮುಟ್ಟಿದವರಿಗೆ ಇಲ್ಲ ಎಂದು. ಹಾಗೇ ಮಾಡಿದೆ. ಬಲೆಯ ಮನೆಯ ಹೆಂಗಸೇ ಪಾಲು ಹಾಕಬೇಕೆಂದು ಯಾವ ಪುಣ್ಯಾತ್ಮ ಪದ್ಧತಿ ಮಾಡಿದನೋ, ಮಾತು ನಿನ್ನದು, ನಿಷ್ಠುರ ನನ್ನದು! ನಮ್ಮನ್ನೆಲ್ಲ ಎತ್ತಿ ಆಡಿಸಿದ, ಊರಿಗೆಲ್ಲ ದೊಡ್ಡಮ್ಮನಾದ ಟಾಂಟಿ ಯುಡೋರಾ ಎಂದಿನಂತೆ ಹಗ್ಗದ ತುದಿಗೆ ಕೈ ಇಟ್ಟು ನಿಂತಿದ್ದರು. ಮುಪ್ಪಿಗೆ ಸೊಟ್ಟಗಾದ ಆ ಬೆರಳುಗಳಲ್ಲಿ ಏನು ಎಳೆದಾರು? ಮರಳಿನ ಮೇಲೆ ಎಲ್ಲರಿಗೂ ಮೀನಿನ ಗುಪ್ಪೆ ಹಾಕಿದೆ, ಅವರಿಗೆ ಹಾಕಲಿಲ್ಲ. ಖಾಲಿ ಬುಟ್ಟಿ ಅವುಚಿಕೊಂಡು ಹೊರಟುಹೋದರು.

ಆಗ ಹಗ್ಗ ಎಳೆದಿದ್ದ ಕತ್ಬರ್ಟ್ ತನ್ನ ಪಾಲನ್ನು ತಂದು ನನ್ನ ಕಾಲ ಬಳಿ ಸುರಿದ. 'ತಗೋ ಇಸ್ಮೇ, ನೀವೇ ತಿನ್ಕೊಳ್ಳಿ. ನಾಳೆ ನನ್ ಬೆರಳೂ ಹಂಗೇ ಸೊಟ್ಟ ಆಗ್ತವೆ. ಟಾಂಟಿಗಿಲ್ಲದ ಮೀನು ನನ್ ಗಂಟಲಲ್ಲಿ ಇಳಿಯಲ್ಲ' ಅಂದ. ಅವನ ಮನೆಯಲ್ಲಿ ಏನಿದೆ ಅಂತ ನಿನಗೇ ಗೊತ್ತು! ಅವನ ಹಿಂದೆ ಎಲ್ಲರೂ ಸುರಿದು ಬರಿಗೈಯಲ್ಲಿ ಮನೆಗೆ ನಡೆದರು. ಮೀನು ಬಿಸಿಲಿಗೆ ನಾರಿತು, ಹಕ್ಕಿಗಳ ಪಾಲಾಯಿತು. ಅಂದಿನಿಂದ ಹಗ್ಗಕ್ಕೆ ಯಾರೂ ಕೈ ಹಾಕುತ್ತಿಲ್ಲ. ಟಾಂಟಿಗೂ ಕೊಡುತ್ತೇನೆ ಬನ್ನಿ ಎಂದು ಮನೆಮನೆಗೆ ಹೋಗಿ ಬೇಡಿಕೊಂಡೆ. 'ನೀನು ಒಳ್ಳೆಯವಳೇ ಕಣಮ್ಮ, ಆದ್ರೆ ಬಲೆ ನಿಂದಲ್ವಲ್ಲ. ಮಾತು ಆಡ್ದೋನೇ ಬಂದು ವಾಪಸ್ ತಗೊಳ್ಲಿ' ಅನ್ನುತ್ತಾರೆ. ನಿನಗೆ ಹೇಳಲು ಭಯ, ಅವರಿಗೆ ಹೇಳಲು ಬಾಯಿಲ್ಲ. ಅತ್ತ ದರಿ ಇತ್ತ ಪುಲಿ ಅನ್ನುವ ಹಾಗಾಗಿದೆ ನನ್ನ ಪಾಡು.

ಸಿಟ್ಟು ಮಾಡಿಕೊಳ್ಳಬೇಡ. ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ. ಆ ಸಮುದ್ರದ ನಡುವೆ ದೇವರು ನಿನ್ನನ್ನು ಕಾಪಾಡಲಿ.

ನಿನ್ನವಳೇ ಆದ
ಇಸ್ಮೇ

ತಾ.ಕ.: ಅಂಟಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇವತ್ತು ನಿನ್ನ ತಮ್ಮ ಹಟ ಹಿಡಿದು ಒಬ್ಬನೇ ಸಮುದ್ರಕ್ಕೆ ಬಲೆ ಬಿಟ್ಟ. ಆ ಕಡೆ ಹಗ್ಗಕ್ಕೆ ಅವನು, ಈ ಕಡೆಗೆ ನಾನು, ದಂಡೆಯಲ್ಲಿ ಬೇರೆ ನರಪಿಳ್ಳೆಯಿಲ್ಲ. ಆಮೇಲೆ ಟಾಂಟಿ ಬಂದರು. 'ಎಳಿಯೇ ಮಗಳೇ, ನಿನ್ ಮಕ್ಳು ಏನ್ ತಿಂತಾವೆ?' ಅಂತ ನನ್ನ ಹಿಂದೆ ಹಗ್ಗ ಹಿಡಿದರು. ಬೇಡ ಅಂದರೂ ಕೇಳಲಿಲ್ಲ. ಬಲೆ ಜಗ್ಗಲಿಲ್ಲ. ಅವರ ಅಂಗೈ ಸುಲಿದು ರಕ್ತ ಬಂದಿದೆ. ಈಗ ಅವರು ಎಳೆದವರೋ ಮುಟ್ಟಿದವರೋ, ನೀನೇ ಹೇಳು.