ಕೌಂಟರಿನ ಮೇಡಂಗೆ ಆದದ್ದು

ಅಕ್ಕಾ,
ಇದನ್ನು ಅಮ್ಮನಿಗೆ ಓದಿ ಹೇಳಬೇಡ. ನಮ್ಮ ವಿಮಾ ಕಚೇರಿಯಲ್ಲಿ ನಿನ್ನೆ ನನ್ನನ್ನು ಸುಳ್ಳು ಗಿರಾಕಿಯಾಗಿ ಕೂರಿಸಿದರು. ಕೌಂಟರಿನವರು ಜನರನ್ನು ಹೇಗೆ ನೋಡಿಕೊಳ್ಳುತ್ತಾರೆಂದು ಗುಟ್ಟಾಗಿ ಪರೀಕ್ಷೆ ಮಾಡುವುದು ಇಲ್ಲಿನ ಪದ್ಧತಿಯಂತೆ. ಅವರು ಬರುವ ಮೊದಲೇ ಗುಡಿಸಿ ಹೋಗುವ ನನ್ನ ಮುಖ ಯಾರಿಗೂ ಗೊತ್ತಿಲ್ಲವಲ್ಲ.

"ಗಂಡ ತೀರ್ಕೊಂಡ, ವಿಮೆ ದುಡ್ಡು ಬೇಕು ಅನ್ನು, ಅಷ್ಟೇ" ಎಂದರು ಮ್ಯಾನೇಜರ್. ಮದುವೆಯೇ ಆಗದ ನಾನು ಕೌಂಟರಿನ ಮುಂದೆ "ಗಂಡ ತೀರ್ಕೊಂಡ" ಅನ್ನುವಷ್ಟರಲ್ಲೇ ಅತ್ತುಬಿಟ್ಟೆ. ಕೌಂಟರಿನ ಮೇಡಂ ಎದ್ದು ಬಂದು ನೀರು ಕೊಟ್ಟರು. "ಅಳಬೇಡ ಕಣಮ್ಮ, ಎಲ್ಲಾ ನಾನೇ ಬರ್ಕೊಡ್ತೀನಿ" ಎಂದು ಪಕ್ಕದಲ್ಲೇ ಕೂತು ಅರ್ಜಿ ತುಂಬಿದರು.

ಇವತ್ತು ಅವರನ್ನು ಕೆಲಸದಿಂದ ತೆಗೆದುಹಾಕಿದ್ದಾರೆ! ಒಬ್ಬರಿಗೆ ಏಳೇ ನಿಮಿಷವಂತೆ, ನನಗೆ ಅರ್ಧ ಗಂಟೆ ಕೊಟ್ಟರಂತೆ. ನನಗೆ ಮಾತ್ರ ಮ್ಯಾನೇಜರ್ ನಗುತ್ತಾ, "ಭಾರಿ ಚೆನ್ನಾಗಿ ಅತ್ತೆ ಕಣೆ! ನಾಳೆ ಮೂರನೇ ಕೌಂಟರಿನ ಪರೀಕ್ಷೆಗೂ ನೀನೇ ಕೂತ್ಕೋ" ಎಂದರು. ನಾನು ತಲೆ ತಗ್ಗಿಸಿ ಬಂದೆ.

ಕೆಮ್ಮು ವಾಸಿಯಾಗಿದೆ, ಚಿಂತಿಸಬೇಡ. ಈ ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಿ ನೇರ ಮ್ಯಾನೇಜರ್ ಕೋಣೆಗೆ ಹೋಗುತ್ತೇನೆ. ಆ ಅಳು ನಟನೆಯಲ್ಲ, ತಪ್ಪು ಮೇಡಂದಲ್ಲ ಎಂದು ಹೇಳಲೇಬೇಕು. ನನ್ನ ಕೆಲಸವೂ ಹೋದರೆ ಬೈಯಬೇಡ.
ನಿನ್ನ ತಂಗಿ